ಹನ್ನೊಂದು ತಾಸು

ಶಹಾಪುರ
೨೨ ಜನವರಿ ೨೦೨೪

ಪರಿಮಳಾ,

ಫೋನ್ ಬಿಟ್ಟು ಕಾಗದ ಯಾಕೆ ಬರೆದಳು ಎಂದು ನಿನಗೆ ಅನಿಸಬಹುದು. ಮಗಳು ಹೋದ ಮೇಲೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಹಾಗಾಗಿ ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಪಡಸಾಲೆಯಲ್ಲಿ ಕೂತವರಿಗೆ ಕೇಳುತ್ತದೆ. ನಿನ್ನ ಹತ್ತಿರ ಕೇಳಬೇಕಾದದ್ದು ನಿಮ್ಮ ಹಂಪಣ್ಣ ಕಾಕಾನ ಕಿವಿಗೆ ಬೀಳಬಾರದು. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೋಟಬುಕ್ಕು ಮಾರುವವರಿಗೆ ಹಾಳೆಗೇನು ಬರ.

ಬಸವೇಶ್ವರಿ ಹೋಗಿ ನಾಳೆಗೆ ಆರು ವಾರ. ಹೈದರಾಬಾದಿನ ಆಸ್ಪತ್ರೆಯಿಂದ ಮೊನ್ನೆ ಒಂದು ಪತ್ರ ಬಂತು. ಅವಳ ಎರಡು ಕಿಡ್ನಿ ಇಬ್ಬರಿಗೆ, ಲಿವರ್ ಒಬ್ಬರಿಗೆ, ಕಣ್ಣು ಇಬ್ಬರಿಗೆ ಹಾಕಿದ್ದಾರೆ, ಐದೂ ಜನ ಚೇತರಿಸಿಕೊಳ್ಳುತ್ತಿದ್ದಾರೆ, ನಿಮ್ಮ ಕುಟುಂಬಕ್ಕೆ ನಾವು ಋಣಿ ಎಂದು ಬರೆದಿದ್ದಾರೆ. ಕಾಕಾ ಎರಡು ಸಲ ಓದಿ ನನ್ನ ಕಡೆ ನೋಡಿದರು.

"ಪುಪ್ಪಸದ ಮಾತೇ ಇಲ್ಲಲ್ಲ. ಅವನ್ನೂ ತಗೊಂಡಿದ್ರಲ್ಲ?"

"ಬರಿಯೂದು ಮರ್ತಿರಬೇಕು," ಅಂದೆ.

"ಕಣ್ಣು ನೆನಪಿದ್ದವ್ರಿಗಿ ಪುಪ್ಪಸ ಮರೀತದ?"

ಆ ದಿನ ಶ್ವಾಸಕೋಶದ ಡಬ್ಬಿಯನ್ನು ಇನ್ನೊಂದು ಆಸ್ಪತ್ರೆಗೆ ಒಯ್ಯುವಾಗ ಅವರು ಬಾಗಿಲ ಹತ್ತಿರವೇ ನಿಂತಿದ್ದರು. ಇಬ್ಬರು ಅದನ್ನು ಹಿಡಿದುಕೊಂಡು ಓಡಿದ್ದನ್ನು ಕಣ್ಣಾರೆ ನೋಡಿದ್ದಾರೆ. ಅದಕ್ಕೇ ಅವರ ಮನಸ್ಸು ಅಲ್ಲೇ ನಿಂತಿದೆ.

ನೀನು ದನದ ಡಾಕ್ಟರಾಗಿ ಹೈದರಾಬಾದಿನಲ್ಲಿ ಇದೇ ಶ್ವಾಸಕೋಶದ ಮೇಲೆ ಸಂಶೋಧನೆ ಮಾಡುತ್ತಿದ್ದೀ ಎಂದು ಬಸವೇಶ್ವರಿ ಹೇಳುತ್ತಿದ್ದಳು. ಅಲ್ಲಿಯ ಡಾಕ್ಟರುಗಳು ನಿನಗೆ ಗೊತ್ತು. ಆ ಶ್ವಾಸಕೋಶ ಯಾರಿಗೆ ಹೋಯಿತು, ಅವರು ಹೇಗಿದ್ದಾರೆ, ಅಷ್ಟು ಕೇಳಿ ತಿಳಿಸು. ಅಂಗಡಿಯ ವಿಳಾಸಕ್ಕೆ ಬರೆ. ಅಂಚೆಯ ಮನ್ಸೂರಅಲಿ ನನ್ನ ಕೈಗೇ ಕೊಡುತ್ತಾನೆ, ಹೇಳಿಟ್ಟಿದ್ದೇನೆ.

ಆ ದಿನ ನೀನು ಬರದಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು, ನರ್ಸು ತೆಲುಗಿನಲ್ಲಿ ಹೇಳಿದಳು. ಮೆದುಳು ಸತ್ತಿದೆ, ಉಸಿರು ಯಂತ್ರದ್ದು, ಅವಳದಲ್ಲ ಎಂದು ನಮ್ಮ ಮಾತಿನಲ್ಲಿ ಹೇಳಿದವಳು ನೀನೊಬ್ಬಳೇ. ಅದನ್ನು ಹೇಳುವುದು ನಿನಗೂ ಸುಲಭವಿರಲಿಲ್ಲ. ಅವಳು ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವಳು.

ಕಲ್ಯಾಣಮ್ಮ


ಹೈದರಾಬಾದ್
೩ ಫೆಬ್ರವರಿ ೨೦೨೪

ಕಾಕು,

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ನೋಟಬುಕ್ಕುಗಳ ಮೇಲೆ ಹೆಸರು ಬರೆದುಕೊಡುತ್ತಿದ್ದವರು ನೀವೇ ಅಲ್ಲವೇ.

ಅಂಗ ಕೊಟ್ಟವರ ಹೆಸರು ಪಡೆದವರಿಗೆ, ಪಡೆದವರ ಹೆಸರು ಕೊಟ್ಟವರಿಗೆ ತಿಳಿಯಬಾರದೆಂಬ ನಿಯಮವಿದೆ. ಒಳ್ಳೆಯದಕ್ಕೇ ಮಾಡಿದ ನಿಯಮ. ನಾನು ಕೇಳಿದರೂ ಅವರು ಹೇಳಬಾರದು, ಅವರು ಹೇಳಿದರೂ ನಾನು ಬರೆಯಬಾರದು. ನಾನಿರುವುದು ಆಸ್ಪತ್ರೆಯಲ್ಲಿ ಅಲ್ಲ, ಅದರಿಂದ ಎರಡು ಮೈಲಿ ದೂರದ ಪ್ರಯೋಗಾಲಯದಲ್ಲಿ. ನನ್ನ ರೋಗಿಗಳೆಲ್ಲ ಇಲಿಗಳು.

ಬಸವೇಶ್ವರಿಯ ಉಸಿರು ಒಬ್ಬರ ಎದೆಗೆ ಸೇರಿತು ಎಂಬಷ್ಟು ನನಗೆ ಗೊತ್ತು. ಕಾಕಾನಿಗೂ ಅಷ್ಟು ಹೇಳಿ.

ಕಳೆದ ದೀಪಾವಳಿಯಲ್ಲಿ ಅವಳು ನನಗೆ ಒಂದು ಫೋಟೋ ಕಳಿಸಿದ್ದಳು. ಕಾಲುವೆಯ ತೂಬಿನ ಮೇಲೆ ನಿಂತು ನೀರಿನ ಅಳತೆ ತೆಗೆಯುತ್ತಿದ್ದಾಳೆ, ತಲೆಗೆ ಇಲಾಖೆಯ ಹಳದಿ ಟೋಪಿ. ಕೆಳಗೆ "ಜೂನಿಯರ್ ಇಂಜಿನಿಯರ್ ಸಾಹೇಬ್ರು ಡ್ಯೂಟಿ ಮ್ಯಾಲ ಅದಾರ" ಎಂದು ಬರೆದಿದ್ದಳು. ನಿಮ್ಮ ಹತ್ತಿರ ಇಲ್ಲದಿದ್ದರೆ ಪ್ರಿಂಟು ಹಾಕಿಸಿ ಕಳಿಸುತ್ತೇನೆ.

ನೀವು ಊಟ ಬಿಡಬೇಡಿ.

ಪರಿಮಳಾ


ಶಹಾಪುರ
೧೯ ಫೆಬ್ರವರಿ ೨೦೨೪

ಪರಿಮಳಾ,

ನೂರು ವರ್ಷ ಬಾಳು. ನಿಯಮದ ಮಾತನ್ನು ನಾನು ಒಪ್ಪಿದೆ. ಹೆಸರು ಕಟ್ಟಿಕೊಂಡು ನಮಗೇನಾಗಬೇಕು. ಒಬ್ಬರ ಎದೆಗೆ ಸೇರಿತು ಎಂದು ಬರೆದೆಯಲ್ಲ, ನನಗೆ ಅದೇ ಬೇಕಿತ್ತು. ನಿನ್ನ ಹೆಸರು ಹೇಳದೆ, ಆಸ್ಪತ್ರೆಗೆ ಫೋನ್ ಮಾಡಿದ್ದೆ ಎಂದು ಹೇಳಿ ಕಾಕಾನಿಗೆ ತಿಳಿಸಿದೆ.

"ಪುಪ್ಪಸ ತಗೊಂಡವ್ರು ಚಲೋ ಅದಾರಂತ."

"ಖರೇನ?"

"ಖರೇ. ಹೆಸರು ಮಾತ್ರ ಹೇಳಂಗಿಲ್ಲಂತ."

ಅವರು ಗೋಡೆಗೆ ಒರಗಿ ಕೂತರು. ಆಮೇಲೆ, "ರೊಟ್ಟಿ ಐತೇನು?" ಎಂದು ಕೇಳಿದರು. ಎರಡು ತಿಂಗಳಲ್ಲಿ ಅವರಾಗಿ ಬಾಯಿಬಿಟ್ಟು ಊಟ ಕೇಳಿದ್ದು ಅದೇ ಮೊದಲು. ಬಿಸಿ ರೊಟ್ಟಿ ಬಡಿದು ಹಾಕಿದೆ. ಮೂರು ತಿಂದರು.

ಮರುದಿನ ಅಂಗಡಿಗೆ ಬಂದ ಗಿರಾಕಿಯೊಬ್ಬರಿಗೆ ತಾವಾಗಿಯೇ ಹೇಳುತ್ತಿದ್ದರು, "ನಮ್ಮ ಹುಡುಗಿ ಉಸಿರು ಈಗ ಹೈದರಾಬಾದ್‌ದಾಗ ಅಡ್ಡಾಡಕತ್ತದ" ಎಂದು. ಗಿರಾಕಿ ಪೆನ್ನು ತೆಗೆದುಕೊಂಡು ಹೋದರು. ನಾನು ಒಳಗೆ ಹೋಗಿ ಅತ್ತೆ. ಆದರೆ ಅದು ಬೇರೆ ಅಳು.

ನಾನೂ ಸುಮ್ಮನೆ ಯೋಚಿಸುತ್ತೇನೆ. ಅವರು ಹೆಣ್ಣೋ ಗಂಡೋ, ಮೆಟ್ಟಿಲು ಹತ್ತುವಾಗ ಈಗ ಏದುಸಿರು ಬರುವುದಿಲ್ಲವೇನೋ, ಒಲೆ ಊದುತ್ತಾರೋ ಏನೋ. ತಪ್ಪೇನು, ಯೋಚಿಸುವುದಕ್ಕೆ ನಿಯಮವಿಲ್ಲವಲ್ಲ.

ಫೋಟೋ ಕಳಿಸು. ನಮ್ಮ ಹತ್ತಿರ ಇಲ್ಲ.

ಇನ್ನೊಂದು ಮಾತು. ನೀನು ಸಣ್ಣವಳಿದ್ದಾಗ ಗೋಗಿಯಿಂದ ಬಂದು ನಮ್ಮ ಅಂಗಡಿಯ ಮೆಟ್ಟಿಲಿನ ಕೆಳಗೇ ನಿಂತು ನೋಟಬುಕ್ಕು ತಗೊಂಡು ಹೋಗುತ್ತಿದ್ದೆ. ಕೈಹಿಡಿದು ಒಳಗೆ ಎಳೆದುಕೊಂಡು ಬಂದವಳು ಬಸವೇಶ್ವರಿ. ಒಳಗೆ ಬಾ ಎಂದು ನಾನು ಕರೆದ ನೆನಪಿಲ್ಲ. ಈಗ ಅದು ಮನಸ್ಸಿಗೆ ಬರುತ್ತಿರುತ್ತದೆ.

ಕಲ್ಯಾಣಮ್ಮ


ಹೈದರಾಬಾದ್
೨೮ ಮಾರ್ಚ್ ೨೦೨೪

ಕಾಕು,

ಫೋಟೋ ಇದರ ಜೊತೆ ಇದೆ. ತಡವಾದದ್ದು ಫೋಟೋದಿಂದಲ್ಲ. ಐದು ವಾರದಲ್ಲಿ ಈ ಪತ್ರವನ್ನು ಎಷ್ಟೋ ಸಲ ಶುರು ಮಾಡಿ ಹರಿದಿದ್ದೇನೆ.

ನಾನು ಬರೆದ ಮಾತು ಸುಳ್ಳಲ್ಲ, ಆದರೆ ಸುಳ್ಳಿನ ಕೆಲಸ ಮಾಡಿತು. ಉಸಿರು ಒಬ್ಬರ ಎದೆಗೆ ಸೇರಿತು ಎಂದು ಬರೆಯುವಾಗ ಮುಂದಿನದೂ ನನಗೆ ಗೊತ್ತಿತ್ತು. ನೀವು ಆ ಸಾಲನ್ನು ಹಾಗೆಯೇ ಓದುತ್ತೀರಿ ಎಂದೂ ಗೊತ್ತಿತ್ತು. ಕಾಕಾ ರೊಟ್ಟಿ ಕೇಳಿದ್ದನ್ನು ಓದಿದ ಮೇಲೆ ಹೇಳದೆ ಇದ್ದುಬಿಡೋಣ ಅನಿಸಿತು. ಅವರು ಅಂಗಡಿಯಲ್ಲಿ ಜನರಿಗೆ ಹೇಳುತ್ತಿದ್ದಾರೆ ಎಂದು ಓದಿದ ಮೇಲೆ ಇರಲಾಗಲಿಲ್ಲ.

ಆ ಶ್ವಾಸಕೋಶ ಕೆಲಸ ಮಾಡಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು. ಕೆಲವು ತಾಸಿನಲ್ಲಿ ಅದರೊಳಗೆ ನೀರು ತುಂಬತೊಡಗಿತು. ಯಂತ್ರ ಹಾಕಿದರು, ಇನ್ನೂ ದೊಡ್ಡ ಯಂತ್ರ ಹಾಕಿದರು. ಮೂರನೇ ದಿನ ಅದನ್ನು ಪಡೆದವರು ತೀರಿಕೊಂಡರು. ಆಪರೇಷನ್ ಮಾಡಿದ ಸರ್ಜನ್ ನಮ್ಮ ಸಂಶೋಧನೆಯ ಸಭೆಗೆ ಬರುತ್ತಾರೆ. ಹೆಸರಿಲ್ಲದೆ ಈ ಕೇಸನ್ನು ವಿವರಿಸಿದರು. ದಿನ, ವಯಸ್ಸು, ತಲೆಗೆ ಬಿದ್ದ ಪೆಟ್ಟು ಎಲ್ಲ ಕೇಳುತ್ತಾ ಹೋದಂತೆ ಇದು ಅವಳೇ ಎಂದು ತಿಳಿಯಿತು. ಸಭೆಯಲ್ಲಿ ಕೂತು ಟಿಪ್ಪಣಿ ಬರೆದುಕೊಂಡೆ.

ಅವರು ಯಾರು, ಯಾವ ಊರು ಎಂದು ನನಗೂ ಗೊತ್ತಿಲ್ಲ. ಇಷ್ಟನ್ನು ಬರೆದದ್ದೂ ತಪ್ಪೇ.

ಕಾಕಾನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಪರಿಮಳಾ


ಶಹಾಪುರ
೬ ಏಪ್ರಿಲ್ ೨೦೨೪

ಪರಿಮಳಾ,

ಮುಟ್ಟಿತು. ಫೋಟೋ ಕಾಕಾನಿಗೆ ತೋರಿಸಿದೆ. ಪತ್ರ ತೋರಿಸಲಿಲ್ಲ. ತೋರಿಸುವುದಿಲ್ಲ.

ಒಂದೇ ಮಾತು ಕೇಳುತ್ತೇನೆ. ಅವಳ ಶ್ವಾಸಕೋಶದಲ್ಲಿ ಏನೂ ದೋಷ ಇರಲಿಲ್ಲ. ಹತ್ತಿಗೂಡೂರ ಹತ್ತಿರ ರಸ್ತೆಯ ಮೇಲೆ ಒಣಗಲು ಹರವಿದ್ದ ಭತ್ತದ ಮೇಲೆ ಸ್ಕೂಟಿ ಜಾರಿತು, ತಲೆಗೆ ಪೆಟ್ಟಾಯಿತು. ಎದೆಗೆ ಒಂದು ತರಚು ಗಾಯವೂ ಇರಲಿಲ್ಲ. ನಾನೇ ಮೈ ಒರೆಸಿದ್ದೇನೆ. ದಿನಕ್ಕೆ ಮೂರು ನಾಲ್ಕು ಮೈಲಿ ಕಾಲುವೆಯ ಏರಿಯ ಮೇಲೆ ನಡೆಯುತ್ತಿದ್ದ ಹುಡುಗಿ.

ಡಾಕ್ಟರು ಮುಂಜಾನೆ ಒಂಬತ್ತೂವರೆಗೆ ಎರಡನೇ ಪರೀಕ್ಷೆ ಮಾಡಿ ಮೆದುಳು ಸತ್ತಿದೆ ಎಂದರು. ನೀನು ನಮಗೆ ತಿಳಿಸಿ ಹೇಳಿ ಹೋದೆ. ನಾವು ಸಹಿ ಮಾಡಿದ್ದು ರಾತ್ರಿ ಎಂಟೂವರೆಗೆ. ನಡುವೆ ಹನ್ನೊಂದು ತಾಸು. ಅಷ್ಟು ಹೊತ್ತು ಬೇಕೆಂದು ಕೇಳಿದವಳು ನಾನು. ಹುಡುಗಿಯ ಕೈ ಬೆಚ್ಚಗಿತ್ತು, ಬಿಡಲಾಗಲಿಲ್ಲ.

ಆ ಹನ್ನೊಂದು ತಾಸಿನಿಂದ ಅದು ಕೆಟ್ಟಿತೇ?

ಕಲ್ಯಾಣಮ್ಮ


ಹೈದರಾಬಾದ್
೧೭ ಏಪ್ರಿಲ್ ೨೦೨೪

ಕಾಕು,

ಇಲ್ಲ. ಹನ್ನೊಂದು ತಾಸಿನಿಂದಲ್ಲ. ಮೊದಲು ಇದನ್ನು ಓದಿಕೊಳ್ಳಿ, ಉಳಿದದ್ದು ಆಮೇಲೆ.

ಕಸಿ ಮಾಡಿದ ಶ್ವಾಸಕೋಶ ಮೊದಲ ಮೂರು ದಿನದಲ್ಲೇ ಕೈಕೊಡುವುದು ಏಕೆ ಎಂಬುದೇ ನನ್ನ ಸಂಶೋಧನೆಯ ವಿಷಯ. ಇಲಿಗಳಲ್ಲಿ ನೋಡುತ್ತೇನೆ. ಒಂದರ ಎಡ ಶ್ವಾಸಕೋಶ ತೆಗೆದು ಇನ್ನೊಂದಕ್ಕೆ ಕೂಡಿಸುತ್ತೇನೆ. ನಿಮ್ಮ ಕಿರುಬೆರಳಿನ ತುದಿಯಷ್ಟು ಇರುತ್ತದೆ, ಅದರ ರಕ್ತನಾಳ ಹೊಲಿಗೆ ದಾರಕ್ಕಿಂತ ಸ್ವಲ್ಪ ದಪ್ಪ. ಆಮೇಲೆ ಅದು ಉಬ್ಬಿ ಗುಲಾಬಿ ಬಣ್ಣಕ್ಕೆ ಬರುತ್ತದೋ ನೀರು ತುಂಬಿ ಕಪ್ಪಾಗುತ್ತದೋ ಕಾಯುತ್ತೇನೆ.

ಕಾರಣ ಒಂದಲ್ಲ. ಮೆದುಳು ಸಾಯುವ ಗಳಿಗೆಯಲ್ಲೇ ದೇಹದಲ್ಲಿ ಬಿರುಗಾಳಿ ಎದ್ದಂತಾಗುತ್ತದೆ. ರಕ್ತದೊತ್ತಡ ಒಮ್ಮೆಲೇ ಮೇಲೇರಿ ದಬ್ಬನೆ ಬೀಳುತ್ತದೆ. ತಲೆಗೆ ಬಿದ್ದ ಪೆಟ್ಟು ಎದೆಯನ್ನು ಮುಟ್ಟದೆಯೂ ಶ್ವಾಸಕೋಶವನ್ನು ಮುಟ್ಟುತ್ತದೆ. ಹೊರಗಿನಿಂದ ಕಾಣುವುದಿಲ್ಲ. ನೀವು ಮೈ ಒರೆಸಿದಾಗಲೂ ಕಂಡಿರುವುದಿಲ್ಲ. ಆಮೇಲೆ ಯಂತ್ರದ ಗಾಳಿಯ ಒತ್ತಡ. ಆಮೇಲೆ ಐಸಿನಲ್ಲಿಟ್ಟು ಒಯ್ಯುವ ಹೊತ್ತು. ಎಲ್ಲಕ್ಕಿಂತ ಕಷ್ಟದ್ದು, ತಣ್ಣಗಾದ ಅಂಗಕ್ಕೆ ಹೊಸ ದೇಹದ ರಕ್ತ ನುಗ್ಗುವ ಗಳಿಗೆ. ಬದುಕಿಸಬೇಕಾದ ರಕ್ತವೇ ಆಗ ಕೆಡಿಸುತ್ತದೆ. ಪಡೆದವರ ದೇಹ ಮೊದಲೇ ಹೇಗಿತ್ತು ಎಂಬುದೂ ಇದೆ.

ಇಷ್ಟರಲ್ಲಿ ಬಸವೇಶ್ವರಿಯ ವಿಷಯದಲ್ಲಿ ಯಾವುದು ಎಂದು ಯಾರೂ ಬೊಟ್ಟು ಮಾಡಿ ಹೇಳಲಾರರು. ಹೊತ್ತು ಬೇಕೆಂದು ತಾಯಿ ಕೇಳಿದ್ದು ತಪ್ಪಲ್ಲ. ನೀವು ನಿಮ್ಮ ಮೇಲೆ ಹಾಕಿಕೊಳ್ಳಬೇಡಿ.

ಪರಿಮಳಾ


ಶಹಾಪುರ
೨೭ ಜೂನ್ ೨೦೨೪

ಪರಿಮಳಾ,

ಶಾಲೆ ಶುರುವಾಗಿ ಅಂಗಡಿಯಲ್ಲಿ ಉಸಿರು ಬಿಡಲು ಹೊತ್ತಿರಲಿಲ್ಲ ಎಂದು ಬರೆಯಬಹುದು. ಅದೂ ನಿಜವೇ. ಆದರೆ ನಿನ್ನ ಪತ್ರವನ್ನು ನಾನು ದಿನಕ್ಕೊಮ್ಮೆ ಓದುತ್ತಿದ್ದೆ, ಅದಕ್ಕೇ ಉತ್ತರ ಬರೆಯಲಿಲ್ಲ.

ಮೊದಲು ಇಲ್ಲ ಎಂದು ಬರೆದೆ. ಕೊನೆಗೆ ಯಾರೂ ಹೇಳಲಾರರು ಎಂದು ಬರೆದೆ. ಹೇಳಲಾಗದಿದ್ದರೆ ಇಲ್ಲ ಎಂದು ಹೇಗೆ ಗೊತ್ತಾಯಿತು? ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಆದರೆ ಮೂವತ್ತು ವರ್ಷ ಪುಸ್ತಕ ಮಾರಿದ್ದೇನೆ. ಸಮಾಧಾನಕ್ಕೆ ಬರೆದ ಸಾಲು ಯಾವುದು, ತಿಳಿದು ಬರೆದದ್ದು ಯಾವುದು ಎಂದು ಕಣ್ಣಿಗೆ ಕಾಣುತ್ತದೆ.

ನಿನ್ನ ಇಲಿಗಳಲ್ಲಿ ಅದನ್ನು ನೋಡಿದ್ದೀಯಾ? ಮೆದುಳು ಸತ್ತ ಮೇಲೆ ಕಾಯ್ದು ತೆಗೆದದ್ದಕ್ಕೂ ಕೂಡಲೇ ತೆಗೆದದ್ದಕ್ಕೂ ಫರಕು ಇದೆಯೇ ಎಂದು? ನೋಡಿದ್ದರೆ ಇದ್ದದ್ದನ್ನು ಬರೆ. ಆ ಇಲಿಗಳಿಗೆ ನೋವಾಗುತ್ತದೆಯೇ ಎಂದೂ ಬರೆ. ನಮ್ಮ ಮನೆಯಲ್ಲಿ ಇಲಿ ಬೋನಿಗೆ ಬಿದ್ದರೆ ಕಾಕಾ ಅದನ್ನು ಕಾಲುವೆ ದಾಟಿಸಿ ಹೊಲದಲ್ಲಿ ಬಿಟ್ಟು ಬರುವ ಮನುಷ್ಯ.

ಅವರು ಈಗ ಚೆನ್ನಾಗಿದ್ದಾರೆ. ದಿನಾ ಅಂಗಡಿ ತೆರೆಯುತ್ತಾರೆ. ಮೊನ್ನೆ ನಮ್ಮ ಓಣಿಯ ಸುಗಲಮ್ಮನ ಗಂಡನಿಗೆ ದಮ್ಮು ಹೆಚ್ಚಾಗಿ ಆಸ್ಪತ್ರೆಗೆ ಒಯ್ದಾಗ ಇವರೇ ಧೈರ್ಯ ಹೇಳಿದರು. "ಪುಪ್ಪಸ ಹೋದ್ರೂ ಈಗ ಬ್ಯಾರೆ ಹಾಕ್ತಾರ. ನಮ್ಮ ಹುಡುಗೀದು ಹಾಕಿಸ್ಕೊಂಡವ್ರು ಆರಾಮ ಅದಾರ ನೋಡ್ರಿ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೌದು ಎಂದು ತಲೆಯಾಡಿಸಿದೆ.

ಈ ಉತ್ತರ ನನಗೆ ಬೇಕು, ಪರಿಮಳಾ.

ಕಲ್ಯಾಣಮ್ಮ


ಹೈದರಾಬಾದ್
೩೦ ಸೆಪ್ಟೆಂಬರ್ ೨೦೨೪

ಕಾಕು,

ಮೂರು ತಿಂಗಳು ನಿಮಗೆ ಬರೆಯಲಿಲ್ಲ. ಪ್ರಯೋಗ ಮುಗಿದಿರಲಿಲ್ಲ ಎಂಬುದು ಒಂದು ಕಾರಣ. ಈಗ ಮುಗಿದಿದೆ.

ನೀವು ಕೇಳಿದ್ದನ್ನೇ ನಾನು ನೋಡುತ್ತಿದ್ದೆ. ಮೆದುಳು ಸತ್ತ ಒಂದು ತಾಸಿಗೆ ತೆಗೆದ ಶ್ವಾಸಕೋಶಗಳು ಒಂದು ಗುಂಪು, ಆರು ತಾಸು ಬಿಟ್ಟು ತೆಗೆದವು ಇನ್ನೊಂದು. ತಡವಾಗಿ ತೆಗೆದವು ಹೆಚ್ಚು ಕೆಟ್ಟವು. ಹೆಚ್ಚು ನೀರು ತುಂಬಿತು, ಹೆಚ್ಚು ಇಲಿಗಳು ಸತ್ತವು. ಮೂರು ಸಲ ಲೆಕ್ಕ ಹಾಕಿಸಿದೆ. ಬದಲಾಗಲಿಲ್ಲ.

ಇದು ಕೆಲವೇ ಇಲಿಗಳ ಮಾತು. ಮನುಷ್ಯರಿಗೆ ಆಸ್ಪತ್ರೆಯಲ್ಲಿ ಔಷಧ ಕೊಟ್ಟು, ದ್ರವ ಅಳೆದು ಶ್ವಾಸಕೋಶವನ್ನು ಕಾಪಾಡುತ್ತಾರೆ. ಇಲಿಗೆ ನಾನು ಅಷ್ಟು ಮಾಡಲಾರೆ. ಆಸ್ಪತ್ರೆಗಳ ದಾಖಲೆ ನೋಡಿದವರಲ್ಲಿ ಕಾಯುವುದರಿಂದ ಕೇಡಿಲ್ಲ ಎನ್ನುವವರೂ ಇದ್ದಾರೆ. ನೀವು ಮುಂಜಾನೆಯೇ ಸಹಿ ಮಾಡಿದ್ದರೂ ರಕ್ತ ಹೊಂದಿಸಿ, ಪಡೆಯುವವರನ್ನು ಕರೆಸಿ ಎಲ್ಲ ಮಾಡಲು ಎಷ್ಟೋ ತಾಸು ಹೋಗುತ್ತಿದ್ದವು. ಇವೆಲ್ಲ ನಿಜ. ಆದರೆ ನನ್ನ ಇಲಿಗಳು ಹೇಳಿದ್ದೂ ನಿಜ. ಪಡೆದವರು ಸತ್ತದ್ದು ಆ ಹನ್ನೊಂದು ತಾಸಿನಿಂದಲ್ಲ ಎಂದು ನಾನು ಬರೆದದ್ದು ತಿಳಿದು ಬರೆದದ್ದಲ್ಲ. ನೀವು ಸರಿಯಾಗಿ ಹಿಡಿದಿರಿ.

ಇನ್ನೊಂದನ್ನು ನೀವು ಕೇಳಿಲ್ಲ. ಆ ದಿನ ಹೋಗುವಾಗ ನಾನು ನಿಮಗೆ ಹೇಳಿದ ಮಾತು ನೆನಪಿದೆಯೇ? "ಅವಸರ ಇಲ್ಲರಿ ಕಾಕು. ಎಷ್ಟು ಹೊತ್ತು ಬೇಕೋ ಅಷ್ಟು ತಗೊಳ್ರಿ." ಇದೇ ಪ್ರಶ್ನೆಯನ್ನು ಎರಡು ವರ್ಷದಿಂದ ಹಿಡಿದುಕೊಂಡು ಕೂತವಳು ನಾನು. ಆಗಿನ್ನೂ ಉತ್ತರ ಬಂದಿರಲಿಲ್ಲ, ಆದರೆ ಅನುಮಾನ ಇತ್ತು. ಅನುಮಾನ ಇದ್ದದ್ದಕ್ಕೇ ಪ್ರಯೋಗ. ಎದುರಿಗೆ ನೀವಿದ್ದಿರಿ, ಅವಳಿದ್ದಳು. ಬೇಗ ಮಾಡಿ ಎಂದು ನನ್ನ ಬಾಯಿಂದ ಬರಲಿಲ್ಲ. ಅಲ್ಲಿಂದ ಹೋಗಿದ್ದೂ ಪ್ರಯೋಗಕ್ಕೇ. ಮೇಜಿನ ಮೇಲೆ ಒಂದು ಇಲಿ ಕಾಯುತ್ತಿತ್ತು. ಆರು ತಾಸಿನ ಗುಂಪಿನದು. ಅದಕ್ಕೆ ಸಮಯ ತಪ್ಪಬಾರದೆಂದು ನಿಮ್ಮನ್ನು ಬಿಟ್ಟು ಓಡಿದೆ.

ಹೊತ್ತು ಕೇಳಿದವರು ನೀವಾದರೆ, ಕೊಟ್ಟವಳು ನಾನು.

ಇಲಿಗಳಿಗೆ ಮೊದಲೇ ಅರಿವಳಿಕೆ ಕೊಟ್ಟಿರುತ್ತೇವೆ. ನೋವಾಗುವುದಿಲ್ಲ ಎಂದು ಪುಸ್ತಕದಲ್ಲಿದೆ, ನಾನೂ ಹಾಗೇ ನಂಬಿದ್ದೇನೆ.

ಪರಿಮಳಾ


ಶಹಾಪುರ
೨೦ ಅಕ್ಟೋಬರ್ ೨೦೨೪

ಪರಿಮಳಾ,

ನಿನ್ನ ಪತ್ರ ಬಂದ ದಿನ ನಾನು ಊರಲ್ಲಿರಲಿಲ್ಲ. ಸುರಪುರದಲ್ಲಿ ನನ್ನ ಅಕ್ಕ ಮಲ್ಲಿಕಮ್ಮನ ಕಣ್ಣಿನ ಆಪರೇಷನ್ ಇತ್ತು, ನಾಲ್ಕು ದಿನ ಅಲ್ಲಿದ್ದೆ. ಮನ್ಸೂರಅಲಿ ಎರಡು ದಿನ ಪತ್ರವನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದನಂತೆ. ಮೂರನೇ ದಿನ ರಜೆ ಹಾಕಿದ. ಬದಲಿಗೆ ಬಂದವನು ಕಾಕಾನ ಕೈಗೆ ಕೊಟ್ಟ.

ನಾನು ಸಂಜೆಯ ಬಸ್ಸಿಗೆ ಬಂದೆ. ಅಂಗಡಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದರೆ ಇವರು ದೀಪ ಹಾಕದೆ ಕೂತಿದ್ದರು. ಕಾಗದ ಮಡಚಿ ಅಂಗಿಯ ಜೇಬಿನಲ್ಲಿಟ್ಟಿದ್ದರು.

"ಪುಪ್ಪಸ ತಗೊಂಡವ್ರು ಸತ್ತಾರೇನು?"

"ಹೂಂ."

"ನಿನಗ ಯಾವಾಗ ಗೊತ್ತಾತು?"

"ಏಪ್ರಿಲ್‌ದಾಗ."

"ಸುಗಲಮ್ಮನ ಮುಂದ ನಾ ಹೇಳೂವಾಗ ನೀ ತಲಿ ಹಾಕಿದಿ."

"ಹಾಕೀನಿ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವರು ಕಾಗದ ತೆಗೆದು ಮತ್ತೆ ಬಿಚ್ಚಿದರು, ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ.

"ಹೊತ್ತು ಕೇಳಿದಾಕಿ ನಾನು ಅಂತ ಆ ಹುಡುಗಿಗಿ ಯಾಕ ಬರದಿ?"

ಪರಿಮಳಾ, ಇದನ್ನು ನಿನಗೆ ಹೇಳಲೇಬೇಕು. ಹನ್ನೊಂದು ತಾಸು ಕೇಳಿದವಳು ನಾನಲ್ಲ. ನೀನು ತಿಳಿಸಿ ಹೇಳಿದಾಗಲೇ ನನ್ನ ಮನಸ್ಸು ನಿಶ್ಚಯವಾಗಿತ್ತು. ತಾಲ್ಲೂಕು ಆಸ್ಪತ್ರೆಯ ಶಿಬಿರದಲ್ಲಿ ಅಂಗದಾನದ ಫಾರ್ಮು ತುಂಬಿ ಬಂದ ದಿನ ಬಸವೇಶ್ವರಿ ನನಗೆ ಹೇಳಿದ್ದಳು. ಆ ದಿನ ಹೈದರಾಬಾದಿನಲ್ಲಿ ನಾನು ಪೆನ್ನು ಹಿಡಿದು ಕೂತಿದ್ದೆ. ಇಬ್ಬರ ಸಹಿಯೂ ಬೇಕು ಎಂದರು. ತಿರುಗಿ ನೋಡಿದರೆ ಇವರು ಇಲ್ಲ. ಕ್ಯಾಂಟೀನು, ಮೂತ್ರಿ, ಗೇಟು ಎಲ್ಲ ಕಡೆ ಹುಡುಕಿದೆ. ಫೋನ್ ಬಂದ್. ಗಂಡ ಎಲ್ಲಿ ಎಂದು ಡಾಕ್ಟರು ಕೇಳಿದರೆ ಏನು ಹೇಳಲಿ? ನನಗೇ ಸ್ವಲ್ಪ ಹೊತ್ತು ಬೇಕು ಎಂದೆ. ರಾತ್ರಿ ಎಂಟಕ್ಕೆ ಬಂದರು. ಮೈಯೆಲ್ಲ ಧೂಳು. ನನ್ನ ಕೈಯಿಂದ ಪೆನ್ನು ಇಸಿದುಕೊಂಡು ಸಹಿ ಮಾಡಿದರು. ಎಲ್ಲಿ ಹೋಗಿದ್ದಿರಿ ಎಂದು ನಾನು ಆಗ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಿನ್ನನ್ನು ಅಷ್ಟು ಕಾಡಿಸಿ ಕೇಳಿದ ಉತ್ತರ ನನಗಾಗಿ ಅಲ್ಲ. ಇವರು ಎಂದಾದರೂ ಕೇಳಿದರೆ, ನಿಮ್ಮಿಂದ ಏನೂ ಆಗಿಲ್ಲ ಎಂದು ಗಟ್ಟಿಯಾಗಿ ಹೇಳಬೇಕಿತ್ತು. ಅದಕ್ಕೆ.

ಆ ದಿನ ಎಲ್ಲಿ ಹೋಗಿದ್ದರೆಂದು ಈಗ ಕತ್ತಲ ಅಂಗಡಿಯಲ್ಲಿ ಅವರೇ ಹೇಳಿದರು.

"ಬಸ್ ಹತ್ತಿದೆ. ಯಾದಗಿರಿ ಬಸ್ಸು."

"ಯಾಕ?"

"ಮನಿಗಿ ಹೋದ್ರ ಆಕಿ ಅಲ್ಲೇ ಇರ್ತಾಳ ಅನಸ್ತು. ದವಾಖಾನ್ಯಾಗ ಮಲಗಿದಾಕಿ ಬ್ಯಾರೆ ಯಾರೋ ಅನಸ್ತು. ಬಾಗಲಾ ತಗದ್ರ ಒಳಗಿಂದ ಬರ್ತಾಳ, ಯಾಕ ತಡಾ ಮಾಡಿದ್ರಿ ಅಂತಾಳ. ಖರೇನೇ ಹಂಗ ಅನಸ್ತು, ಕಲ್ಯಾಣಿ. ಗುರುಮಠಕಲ್‌ತನ ಹೋದೆ. ಅಲ್ಲಿ ಬಸ್ಸು ನಿಂತಾಗ ಕೀಲಿಕೈ ನಿನ್ನ ಚೀಲದಾಗ ಅದ ಅಂತ ನೆನಪಾತು. ಇಳದೆ."

ಇಳಿದು ಹೈದರಾಬಾದಿಗೆ ತಿರುಗಿ ಬರುವ ಬಸ್ಸಿಗಾಗಿ ಒಂದೂವರೆ ತಾಸು ನಿಂತಿದ್ದರಂತೆ. ಆ ಬಸ್ಸು ಕೊಡಂಗಲ್ ದಾಟಿ ಕೆಟ್ಟು ನಿಂತಿತಂತೆ. ಲಾರಿಯೊಂದಕ್ಕೆ ಕೈ ಮಾಡಿ ಬಂದಿದ್ದಾರೆ.

ನಾನು ದೀಪ ಹಾಕಿ ಕಾಗದ ಇಸಿದುಕೊಂಡು ಓದಿದೆ. ಇದರಲ್ಲೂ ಹಿಂದಿನ ಪತ್ರದಲ್ಲೂ ನೀನು ಬರೆದ ಉಳಿದ ಮಾತುಗಳನ್ನೆಲ್ಲ ಅವರಿಗೆ ಹೇಳಿದೆ. ಇಲಿ ಬೇರೆ, ಮನುಷ್ಯರು ಬೇರೆ. ಮುಂಜಾನೆ ಸಹಿ ಮಾಡಿದ್ದರೂ ಹೊತ್ತು ಹೋಗುತ್ತಿತ್ತು. ಬೇರೆ ಕಾರಣಗಳು ನಾಲ್ಕೈದು ಇವೆ. ಅವರು ಎಲ್ಲಕ್ಕೂ "ಹೂಂ" ಅಂದರು. ಓದಿದ್ದೇನೆ ಎಂದರು. ಪರಿಮಳಾ ಶಾಣ್ಯಾ ಹುಡುಗಿ, ಆಕೆಯದೇನೂ ತಪ್ಪಿಲ್ಲ ಎಂದು ಬರೆ ಎಂದರು. ನಾನೂ ಅದನ್ನೇ ಬರೆಯಬೇಕೆಂದಿದ್ದೆ. ನೀನು ಅವಸರವಿಲ್ಲ ಎಂದು ಹೇಳಿದ್ದು ನನಗೆ ನೆನಪೇ ಇರಲಿಲ್ಲ.

ಈಗ ಹತ್ತು ದಿನವಾಯಿತು. ಅಂಗಡಿ ತೆರೆಯುತ್ತಾರೆ, ಮುಚ್ಚುತ್ತಾರೆ. ಊಟಕ್ಕೆ ಕರೆದರೆ ಬಂದು ಕೂರುತ್ತಾರೆ, ಒಂದು ರೊಟ್ಟಿ ಮುರಿದು ಏಳುತ್ತಾರೆ. ಸುಗಲಮ್ಮನ ಮನೆಗೆ ಹೋಗಿ ತಾನು ಹೇಳಿದ್ದು ಸುಳ್ಳು ಎಂದು ಹೇಳಿ ಬಂದರಂತೆ. ಆಕೆ ಹೆದರಿ ನನ್ನ ಹತ್ತಿರ ಓಡಿಬಂದಳು.

ನಿನ್ನೆ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಹೊಸ ನೋಟಬುಕ್ಕೊಂದು ಬಿಚ್ಚಿ ನನ್ನ ಪಕ್ಕದಲ್ಲೇ ಕೂತು ಬರೆಯತೊಡಗಿದರು. ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿಸಿದರು. ಮೇಲೆ ತಾರೀಖು ಇತ್ತು, ಶಹಾಪುರ ಎಂದಿತ್ತು. ಕೆಳಗೆ ಏನೂ ಇರಲಿಲ್ಲ.

"ಸತ್ತವ್ರಿಗೂ ತಾಯಿ ತಂದಿ ಇರ್ತಾರ. ಇಲ್ಲಂದ್ರ ಮಕ್ಕಳಿರ್ತಾರ. ಅವರಿಗಿ ಬರೀಬೇಕಂತೀನಿ. ಹೆಸರು ಗೊತ್ತಿಲ್ಲ. ಊರು ಗೊತ್ತಿಲ್ಲ. ಯಾರಿಗಿ ಅಂತ ಬರೀಲಿ?"

ನಾನು ನಿಯಮದ ಮಾತು ಹೇಳಿದೆ. ಅವರಿಗೂ ಅದು ಗೊತ್ತು.

"ಬರದ್ರೂ ಏನಂತ ಬರೀಲಿ? ನಾ ಬಸ್ಸಿನ್ಯಾಗ ಕುಂತಿದ್ದೆ ಅಂತ ಬರೀಲೇನು?"

ಇಷ್ಟು ಹೇಳಿ ನನ್ನ ಮುಖ ನೋಡುತ್ತಾ ಕೂತರು. ಮೂವತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ಅವರು ಕೇಳಿದ್ದಕ್ಕೆ ಏನಾದರೂ ಒಂದು ಹೇಳಿಯೇ ಹೇಳುತ್ತಿದ್ದೆ. ನಿನ್ನೆ ಬಾಯಿ ಬರಲಿಲ್ಲ. ಆ ಹಾಳೆ ಈಗಲೂ ಗಲ್ಲಾಪೆಟ್ಟಿಗೆಯ ಮೇಲೆ ತೆರೆದೇ ಇದೆ. ಗಿರಾಕಿ ಬಂದಾಗ ಪಕ್ಕಕ್ಕೆ ಸರಿಸುತ್ತಾರೆ, ಹೋದ ಮೇಲೆ ಮತ್ತೆ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಅವರಿಗೆ ಏನು ಹೇಳಬೇಕೆಂದು ನಿನಗೆ ತಿಳಿದರೆ ಬರೆ. ತಿಳಿಯದಿದ್ದರೂ ಬರೆ. ಇನ್ನು ಮೇಲೆ ಮನೆಯ ವಿಳಾಸಕ್ಕೇ ಬರೆ.

ಕಲ್ಯಾಣಮ್ಮ